'ಐಯೋನ್': ಒಂದು ಕಾಲವಾಚಕದ ಅರ್ಥವ್ಯಾಪ್ತಿ ಮತ್ತು ಕನ್ನಡದ 'ನಿತ್ಯ'

1

ಕ್ರೈಸ್ತ ಧರ್ಮಗ್ರಂಥದ ಭಾಷಾಂತರವನ್ನು ಕುರಿತು ಚರ್ಚೆ ನಡೆದಾಗಲೆಲ್ಲ ದೇವರು, ಆತ್ಮ, ಪಾಪ, ರಕ್ಷಣೆ ಮೊದಲಾದ ಪದಗಳತ್ತ ವಿದ್ವಾಂಸರ ಗಮನ ಸಹಜವಾಗಿ ಹರಿಯುತ್ತದೆ. ಕಾಲವಾಚಕಗಳು ನಿರುಪದ್ರವಿಗಳೆಂಬ ಭಾವನೆಯಿಂದ ಬದಿಗೆ ಸರಿಯುತ್ತವೆ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಬರುವ 'ಐಯೋನ್' ಎಂಬ ನಾಮಪದವೂ ಅದರಿಂದ ಸಾಧಿತವಾದ 'ಐಯೋನಿಯೋಸ್' ಎಂಬ ವಿಶೇಷಣವೂ ಈ ಭಾವನೆಯನ್ನು ಸುಳ್ಳಾಗಿಸುತ್ತವೆ. ಮೊದಲನೆಯದು ಅಲ್ಲಿ ಸುಮಾರು 120 ಬಾರಿ, ಎರಡನೆಯದು ಸುಮಾರು 70 ಬಾರಿ ಬಳಕೆಯಾಗಿದೆ. ಮರಣಾನಂತರ ಮನುಷ್ಯನ ಗತಿಯೇನು, ದೈವದಂಡನೆಗೆ ಕೊನೆಯುಂಟೆ, ಭಕ್ತನಿಗೆ ವಾಗ್ದಾನವಾದ ಜೀವನ ಈಗಿನದೊ ಮುಂದಿನದೊ ಎಂಬ ಪ್ರಶ್ನೆಗಳಿಗೆ ಕ್ರೈಸ್ತ ಪರಂಪರೆ ಕೊಟ್ಟಿರುವ ಉತ್ತರಗಳು ಬಹುಮಟ್ಟಿಗೆ ಈ ಎರಡು ಪದಗಳನ್ನು ಆಧರಿಸಿವೆ. ಒಂದು ಪದದ ಅರ್ಥವನ್ನು ಪ್ರಶ್ನಿಸಿದ್ದಕ್ಕಾಗಿ ಒಬ್ಬ ಪ್ರಾಧ್ಯಾಪಕ ತನ್ನ ಪೀಠವನ್ನೇ ಕಳೆದುಕೊಂಡ ಪ್ರಸಂಗವೂ ಇದರ ಇತಿಹಾಸದಲ್ಲಿದೆ.

ಐಯೋನಿಯೋಸ್ ಎಂದರೆ 'ಅಂತ್ಯವಿಲ್ಲದ್ದು' ಎಂಬುದು ಒಂದು ಪಕ್ಷ; 'ಒಂದು ಯುಗಕ್ಕೆ ಸೀಮಿತವಾದದ್ದು' ಎಂಬುದು ಇನ್ನೊಂದು ಪಕ್ಷ. ಎರಡೂ ಪಕ್ಷಗಳು ನಿಘಂಟಿನ ಮೊರೆಹೊಗುತ್ತವೆ. ಆದರೆ ಪ್ರಯೋಗಗಳನ್ನು ಕ್ರಮವಾಗಿ ಪರಿಶೀಲಿಸಿದರೆ ನಿಘಂಟು ಈ ಎರಡರಲ್ಲಿ ಯಾವುದಕ್ಕೂ ಸಂಪೂರ್ಣ ಸಾಕ್ಷಿ ನುಡಿಯುವುದಿಲ್ಲ. ಮೂಲವು ತೆರೆದಿಟ್ಟದ್ದನ್ನು ಭಾಷಾಂತರವು ಮುಚ್ಚಬಾರದು ಎಂಬ ತತ್ತ್ವವು ಇಲ್ಲಿ ಅನ್ವಯಿಸುತ್ತದೆ. ಕನ್ನಡ ಭಾಷಾಂತರಕ್ಕೂ ಇದು ಸಲ್ಲುತ್ತದೆ.

2

ಐಯೋನ್ ಪದವು ಮೂಲತಃ ಕಾಲದ ಅಳತೆಯನ್ನು ಸೂಚಿಸುತ್ತಿರಲಿಲ್ಲ. ಹೋಮರನ ಕಾವ್ಯಗಳಲ್ಲಿ ಅದು ಜೀವಸತ್ತ್ವ, ಬದುಕಿನ ಪಾಲು ಎಂಬ ಅರ್ಥದಲ್ಲಿದೆ. ಯುದ್ಧದಲ್ಲಿ ಮಡಿಯುವ ವೀರನನ್ನು ಅವನ ಐಯೋನ್ ಬಿಟ್ಟುಹೋಗುತ್ತದೆ; ದ್ವೀಪದಲ್ಲಿ ಸೆರೆಯಾದ ಒಡಿಸ್ಯೂಸ್ ಅಳುತ್ತ ಕುಳಿತಾಗ ಅವನ ಐಯೋನ್ ಕಣ್ಣೀರಿನೊಡನೆ ಸೋರಿಹೋಗುತ್ತದೆ. ತೌಲನಿಕ ಭಾಷಾಶಾಸ್ತ್ರವು ಈ ಪದವನ್ನು ಸಂಸ್ಕೃತದ 'ಆಯುಸ್', ಲ್ಯಾಟಿನ್ನಿನ 'ಏವುಮ್' ಪದಗಳೊಂದಿಗೆ ಒಂದೇ ಮೂಲಕ್ಕೆ ಸೇರಿಸುತ್ತದೆ. ಕನ್ನಡಿಗರು ದಿನಬಳಕೆಯಲ್ಲಿ 'ಆಯಸ್ಸು ಗಟ್ಟಿಯಾಗಿತ್ತು', 'ಆಯಸ್ಸು ತೀರಿತು' ಎನ್ನುವಾಗ ಹೋಮರನ ಐಯೋನ್‌ಗೆ ತೀರ ಸಮೀಪದಲ್ಲಿರುತ್ತಾರೆ. ಆಯುಸ್ಸಿಗೆ ನಿಗದಿಯಾದ ಒಂದೇ ಉದ್ದವಿಲ್ಲ. ಅದು ಯಾರದೋ ಅವರ ಅಳತೆಗೆ ತಕ್ಕಂತೆ ಇರುತ್ತದೆ. ಸೊಳ್ಳೆಗೂ ಆಯುಸ್ಸುಂಟು, ಬ್ರಹ್ಮನಿಗೂ ಆಯುಸ್ಸುಂಟು.

ತತ್ತ್ವಜ್ಞಾನಿಗಳ ಕೈಯಲ್ಲಿ ಪದವು ಹಿಗ್ಗಿತು. ಪ್ಲೇಟೋ 'ತಿಮಾಯೋಸ್' ಸಂವಾದದಲ್ಲಿ ಐಯೋನ್ ಅನ್ನು ಚಲನೆಯಿಲ್ಲದ ಪೂರ್ಣಸ್ಥಿತಿಯೆಂದು ಭಾವಿಸಿ, 'ಖ್ರೋನೋಸ್' ಅಂದರೆ ಎಣಿಕೆಗೆ ಸಿಗುವ ಕಾಲವನ್ನು ಅದರ ಚಲಿಸುವ ಪ್ರತಿಬಿಂಬವೆಂದು ಕಲ್ಪಿಸಿದನು. ಅರಿಸ್ಟಾಟಲನು ಆಕಾಶವನ್ನು ಕುರಿತ ತನ್ನ ಗ್ರಂಥದಲ್ಲಿ ಈ ಪದವನ್ನು 'ಸದಾ' ಮತ್ತು 'ಇರುವುದು' ಎಂಬ ಎರಡು ಪದಗಳಿಂದ ನಿಷ್ಪನ್ನಗೊಳಿಸಿದನು. ಅದೇ ಸಂದರ್ಭದಲ್ಲಿ ಪ್ರತಿಯೊಂದು ಜೀವಿಯ ಬದುಕನ್ನು ಆವರಿಸುವ ಅವಧಿಯೂ ಐಯೋನ್ ಎಂದು ಅವನು ಒಪ್ಪುತ್ತಾನೆ. ಅವನ ನಿಷ್ಪತ್ತಿಯು ಭಾಷಾಶಾಸ್ತ್ರದ ದೃಷ್ಟಿಯಿಂದ ನಿಲ್ಲುವುದಿಲ್ಲವಾದರೂ ಮುಂದಿನ ಶತಮಾನಗಳ ಓದುಗರ ಮೇಲೆ ಅದು ಪ್ರಭಾವ ಬೀರಿತು. ಹೀಗೆ ಕ್ರೈಸ್ತಧರ್ಮ ಹುಟ್ಟುವ ಮೊದಲೇ ಆಯುಸ್ಸು ಮತ್ತು ಅನಂತತೆ ಎಂಬ ಎರಡು ದಡಗಳ ನಡುವೆ ಈ ಪದವು ಹರಿಯುತ್ತಿತ್ತು.

3

ಹೊಸ ಒಡಂಬಡಿಕೆಯ ಬರಹಗಾರರು ಈ ಪದವನ್ನು ನೇರವಾಗಿ ಪ್ಲೇಟೋನಿಂದ ಪಡೆದರೆಂದು ಭಾವಿಸುವುದು ಸರಿಯಲ್ಲ. ಅವರಿಗೆ ಹತ್ತಿರವಾಗಿದ್ದುದು ಹೀಬ್ರೂ ಧರ್ಮಗ್ರಂಥದ ಗ್ರೀಕ್ ಭಾಷಾಂತರ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿ ಆರಂಭವಾದ ಈ ಸೆಪ್ಟುವಜಿಂಟ್ ಪಾಠದಲ್ಲಿ ಹೀಬ್ರೂವಿನ 'ಓಲಾಂ' ಎಂಬ ಪದಕ್ಕೆ ಸಾಮಾನ್ಯವಾಗಿ ಐಯೋನ್ ಎಂಬ ಪದವನ್ನು ಬಳಸಲಾಯಿತು. ಓಲಾಂ ಎಂದರೆ ಕಣ್ಣಿಗೆ ಅಂಚು ಕಾಣದಷ್ಟು ದೂರದ ಕಾಲ; ಅದು ಹಿಂದಿನದೂ ಆಗಬಹುದು, ಮುಂದಿನದೂ ಆಗಬಹುದು. ಅಂಚು ಕಾಣುವುದಿಲ್ಲ ಎಂಬುದಕ್ಕೂ ಅಂಚೇ ಇಲ್ಲ ಎಂಬುದಕ್ಕೂ ವ್ಯತ್ಯಾಸವಿದೆ. ಈ ವ್ಯತ್ಯಾಸವೇ ಚರ್ಚೆಯ ತಿರುಳು.

ಮೂರು ಪ್ರಯೋಗಗಳನ್ನು ಇಲ್ಲಿ ಗಮನಿಸಬಹುದು. ವಿಮೋಚನಕಾಂಡದ 21ನೆಯ ಅಧ್ಯಾಯದ ನಿಯಮದಂತೆ, ಬಿಡುಗಡೆಯನ್ನು ಬಯಸದ ದಾಸನ ಕಿವಿಯನ್ನು ಚುಚ್ಚಿದ ಬಳಿಕ ಅವನು ಒಡೆಯನಿಗೆ 'ಐಯೋನ್‌ವರೆಗೆ' ಸೇವೆ ಸಲ್ಲಿಸಬೇಕು. ದಾಸನ ಬದುಕಿರುವಷ್ಟು ಕಾಲ ಎಂಬುದು ಇಲ್ಲಿನ ಸಹಜವಾದ ಅರ್ಥ. ಯೆಹೂದಿ ವ್ಯಾಖ್ಯಾನ ಪರಂಪರೆಯು ಇದನ್ನು ಇನ್ನೂ ಕಿರಿದುಗೊಳಿಸಿ ಐವತ್ತನೆಯ ವರ್ಷದ ಜುಬಿಲಿ ಬಿಡುಗಡೆಯವರೆಗೆ ಎಂದು ಅರ್ಥೈಸಿತು. ಮೀನಿನ ಹೊಟ್ಟೆಯಲ್ಲಿದ್ದ ಪ್ರವಾದಿ ಯೋನನು ತನ್ನನ್ನು ಬಂಧಿಸಿದ ಭೂಮಿಯ ಅಗುಳಿಗಳನ್ನು ಐಯೋನಿಯೋಸ್ ಎಂದು ವರ್ಣಿಸುತ್ತಾನೆ. ಕಥೆಯ ಪ್ರಕಾರ ಆ ಬಂಧನ ಮೂರು ಹಗಲು ಮೂರು ರಾತ್ರಿಗಳದು. ಹಬಕ್ಕೂಕನ ಮೂರನೆಯ ಅಧ್ಯಾಯದಲ್ಲಿ ದೇವರ ಆಗಮನದಿಂದ ಐಯೋನಿಯೋಸ್ ಆದ ಗುಡ್ಡಗಳೇ ಕರಗಿಹೋಗುತ್ತವೆ. ಅದೇ ಪಾಠದ 90ನೆಯ ಕೀರ್ತನೆಯಲ್ಲಿ ಬೆಟ್ಟಗಳು ಹುಟ್ಟುವ ಮೊದಲೂ ಇದ್ದ ದೇವರ ಇರವನ್ನು ಐಯೋನ್‌ನಿಂದ ಐಯೋನ್‌ವರೆಗೆ ಎಂದು ಬಣ್ಣಿಸಲಾಗಿದೆ. ದಾಸ, ಅಗುಳಿ, ಗುಡ್ಡ, ದೇವರು ಹೀಗೆ ನಾಲ್ಕಕ್ಕೂ ಒಂದೇ ಪದ. ಅಳತೆ ಮಾತ್ರ ಬೇರೆ ಬೇರೆ. ಆ ಅಳತೆಯನ್ನು ಒದಗಿಸುವುದು ವಿಶೇಷಣವಲ್ಲ, ವಿಶೇಷ್ಯ.

ಕನ್ನಡ ಶಾಸನಗಳ ಪರಿಚಯವುಳ್ಳವರಿಗೆ ಈ ಬಗೆಯ ಪ್ರಯೋಗ ಹೊಸದಲ್ಲ. ದತ್ತಿ 'ಆಚಂದ್ರಾರ್ಕ'ವಾಗಿ ನಡೆಯಬೇಕೆಂದು ಶಾಸನ ಘೋಷಿಸುತ್ತದೆ. ಸೂರ್ಯಚಂದ್ರರಿಗೂ ಅಂತ್ಯವುಂಟೆಂದು ಬಲ್ಲ ಪರಂಪರೆಯೇ ಆ ಪದವನ್ನು ರೂಪಿಸಿದೆ. ಮನುಷ್ಯದೃಷ್ಟಿಗೆ ನಿಲುಕುವ ಕೊನೆಯ ಅಂಚಿನವರೆಗೆ ಎಂಬುದು ಅದರ ಆಶಯ. ಅದೇ ಶಾಸನಗಳು ದತ್ತಿಯನ್ನು ಅಪಹರಿಸಿದವನಿಗೆ ವಿಧಿಸುವ ಶಾಪದಲ್ಲಿ ಅರುವತ್ತು ಸಾವಿರ ವರ್ಷಗಳೆಂಬ ಎಣಿಕೆ ಬರುವುದು ಕುತೂಹಲಕರ. ಅಲ್ಲಿ ಪುಣ್ಯಕ್ಕೆ ಕ್ಷಿತಿಜದ ಅಳತೆ, ಪಾಪಕ್ಕೆ ಅಂಕಿಯ ಅಳತೆ. ಕ್ರೈಸ್ತ ಗ್ರಂಥದಲ್ಲಿ ಎರಡಕ್ಕೂ ಒಂದೇ ಪದ ಬಳಕೆಯಾದುದರಿಂದಲೇ ಸಮಸ್ಯೆ ಜಟಿಲವಾಯಿತು.

4

ಹೊಸ ಒಡಂಬಡಿಕೆಯಲ್ಲಿ ಐಯೋನ್ ನಾಮಪದದ ಪ್ರಯೋಗಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು, ಕೊನೆಯಿಲ್ಲದ ಮುಂದುವರಿಕೆಯನ್ನು ಸೂಚಿಸುವ ಸ್ತುತಿವಾಕ್ಯಗಳು. ಗಲಾತ್ಯದವರಿಗೆ ಬರೆದ ಪತ್ರದ ಆರಂಭದಲ್ಲಿಯೂ ಪ್ರಕಟನೆಯ ಗ್ರಂಥದಲ್ಲಿಯೂ 'ಐಯೋನ್‌ಗಳ ಐಯೋನ್‌ಗಳಿಗೆ' ಎಂಬ ಬಹುವಚನದ ದ್ವಿರುಕ್ತಿ ಬರುತ್ತದೆ. ಒಂದೇ ಐಯೋನ್ ಅನಂತವಾಗಿದ್ದರೆ ಅದನ್ನು ಹೀಗೆ ಗುಣಿಸುವ ಅಗತ್ಯ ಬೀಳುತ್ತಿರಲಿಲ್ಲವೆಂಬ ವಾದದಲ್ಲಿ ಸತ್ತ್ವವಿದೆ. ಎರಡನೆಯದು, ಈ ಐಯೋನ್ ಮತ್ತು ಬರಲಿರುವ ಐಯೋನ್ ಎಂಬ ವಿರೋಧ. ಮತ್ತಾಯನ 12ನೆಯ ಅಧ್ಯಾಯ, ಮಾರ್ಕನ 10ನೆಯ ಅಧ್ಯಾಯ, ಎಫೆಸದವರಿಗೆ ಬರೆದ ಪತ್ರದ ಮೊದಲ ಅಧ್ಯಾಯಗಳಲ್ಲಿ ಇದು ಸ್ಪಷ್ಟವಾಗಿದೆ. ಮತ್ತಾಯನು ಐಯೋನ್‌ನ ಸಮಾಪ್ತಿಯನ್ನು ಕುರಿತು ಮತ್ತೆ ಮತ್ತೆ ಮಾತನಾಡುತ್ತಾನೆ, ಸಮಾಪ್ತಿಯುಳ್ಳದ್ದು ಅನಂತವಾಗಲಾರದು. ಮೂರನೆಯದು, ಐಯೋನ್ ಎಂದರೆ ಜಗತ್ತು ಎಂಬ ಅರ್ಥ. ಇಬ್ರಿಯರಿಗೆ ಬರೆದ ಪತ್ರದಲ್ಲಿ ದೇವರು ಐಯೋನ್‌ಗಳನ್ನು ನಿರ್ಮಿಸಿದನೆಂಬ ಹೇಳಿಕೆಯಿದೆ. ಓಲಾಂ ಪದವೂ ನಂತರದ ಹೀಬ್ರೂವಿನಲ್ಲಿ ಕಾಲದಿಂದ ಲೋಕಕ್ಕೆ ಇದೇ ರೀತಿ ವಿಸ್ತರಿಸಿತು.

ಇವುಗಳಲ್ಲಿ ಎರಡನೆಯ ಬಗೆಯು ಅತ್ಯಂತ ಮಹತ್ತ್ವದ್ದು. ಪೌಲನು ರೋಮಾಪುರದವರಿಗೆ ಬರೆಯುತ್ತ ಈ ಐಯೋನ್‌ನ ಅಚ್ಚಿಗೆ ತಕ್ಕಂತೆ ರೂಪುಗೊಳ್ಳಬೇಡಿರೆಂದು ಎಚ್ಚರಿಸುವಾಗ ಅವನ ಮನಸ್ಸಿನಲ್ಲಿರುವುದು ಮುಗಿಯುತ್ತಿರುವ ಒಂದು ಕಾಲವ್ಯವಸ್ಥೆ. ಹೊಸದು ಆಗಲೇ ಹೊಸ್ತಿಲಲ್ಲಿದೆ, ಹಳೆಯದು ಇನ್ನೂ ಮನೆ ಖಾಲಿ ಮಾಡಿಲ್ಲ ಎಂಬ ತುರ್ತು ಆ ಮಾತಿನ ಹಿಂದಿದೆ. ಭಾಷಾಂತರದಲ್ಲಿ ಈ ತುರ್ತು ಉಳಿಯುವುದೋ ಕಳೆಯುವುದೋ ಎಂಬುದು ಐಯೋನ್‌ಗೆ ಆರಿಸುವ ಪದವನ್ನು ಅವಲಂಬಿಸಿದೆ.

5

ವಿಶೇಷಣದ ವಿಚಾರದಲ್ಲಿ ವಿವಾದದ ಕೇಂದ್ರವಾಗಿರುವುದು ಮತ್ತಾಯನ 25ನೆಯ ಅಧ್ಯಾಯದ ಕೊನೆಯ ವಾಕ್ಯ. ಹಸಿದವರಿಗೆ ಉಣಬಡಿಸದವರು ಐಯೋನಿಯೋಸ್ ಆದ ದಂಡನೆಗೂ ಉಣಬಡಿಸಿದವರು ಐಯೋನಿಯೋಸ್ ಆದ ಜೀವನಕ್ಕೂ ಹೋಗುವರೆಂದು ಅದು ಹೇಳುತ್ತದೆ. ಹಿಪ್ಪೋದ ಅಗಸ್ಟೀನನು 'ದೇವನಗರ' ಗ್ರಂಥದ 21ನೆಯ ಭಾಗದಲ್ಲಿ ಒಂದೇ ವಾಕ್ಯದ ಒಂದೇ ವಿಶೇಷಣವನ್ನು ಎರಡು ಅರ್ಥಗಳಲ್ಲಿ ಒಡೆಯಲಾಗದೆಂದೂ ಜೀವನವು ಅನಂತವಾದರೆ ದಂಡನೆಯೂ ಅನಂತವೆಂದೂ ವಾದಿಸಿದನು. ಅವನ ಮುಂದಿದ್ದುದು ಬಹುಮಟ್ಟಿಗೆ ಲ್ಯಾಟಿನ್ ಪಾಠ. ಅದರ 'ಏತೆರ್ನುಸ್' ಎಂಬ ಪದದಲ್ಲಿ ಗ್ರೀಕ್ ಪದದ ಹಿಗ್ಗುವ ಕುಗ್ಗುವ ಗುಣ ಉಳಿದಿರಲಿಲ್ಲ. ಅವನಿಗಿಂತ ಮೊದಲು ಗ್ರೀಕ್ ಭಾಷೆಯಲ್ಲಿಯೇ ಚಿಂತಿಸಿದ ಒರಿಗೆನ್ ಮತ್ತು ನಿಸ್ಸದ ಗ್ರೆಗರಿ ಎಲ್ಲ ಜೀವಿಗಳೂ ಕೊನೆಗೆ ದೇವರಲ್ಲಿ ಪುನಃಸ್ಥಾಪಿತರಾಗುವರೆಂಬ ಆಶಯವನ್ನು ಬೆಳೆಸಿದ್ದರು. ಐಯೋನಿಯೋಸ್ ಎಂಬ ಪದ ಅವರಿಗೆ ಅಡ್ಡಿಯಾಗಿ ತೋರಲಿಲ್ಲ. 6ನೆಯ ಶತಮಾನದಲ್ಲಿ ಒರಿಗೆನನ ಹೆಸರಿನ ಬೋಧನೆಗಳು ಖಂಡನೆಗೊಳಗಾದ ಮೇಲೆ ಈ ಧಾರೆ ಕ್ಷೀಣಿಸಿತು.

ಪ್ರಶ್ನೆಯು 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಮತ್ತೆ ತಲೆಯೆತ್ತಿತು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದ ಫ್ರೆಡರಿಕ್ ಡೆನಿಸನ್ ಮಾರಿಸ್ 1853ರಲ್ಲಿ ಪ್ರಕಟಿಸಿದ 'ಥಿಯಲಾಜಿಕಲ್ ಎಸ್ಸೇಸ್' ಗ್ರಂಥದಲ್ಲಿ ಈ ಪದಕ್ಕೂ ಕಾಲದ ಉದ್ದಕ್ಕೂ ಸಂಬಂಧವಿಲ್ಲವೆಂದೂ ದೇವರನ್ನು ಅರಿಯುವುದೇ ನಿತ್ಯಜೀವವೆಂದೂ ಪ್ರತಿಪಾದಿಸಿದನು. ಯೋಹಾನನ 17ನೆಯ ಅಧ್ಯಾಯ ಅವನ ಆಧಾರ. ಅದೇ ವರ್ಷ ಅವನನ್ನು ಪೀಠದಿಂದ ತೆಗೆದುಹಾಕಲಾಯಿತು. ಮಕ್ಕಳನ್ನು ಕಳೆದುಕೊಂಡ ತಾಯಂದಿರು, ನಂಬಿಕೆಯಿಲ್ಲದೆ ಸತ್ತವರ ಬಂಧುಗಳು ಅಂದಿನ ಧರ್ಮಬೋಧೆಯಲ್ಲಿ ಏನನ್ನು ಕೇಳಬೇಕಾಗಿತ್ತು ಎಂಬುದನ್ನು ನೆನೆದರೆ ಮಾರಿಸನ ಪ್ರಶ್ನೆ ಕೇವಲ ವ್ಯಾಕರಣದ್ದಲ್ಲವೆಂಬುದು ತಿಳಿಯುತ್ತದೆ.

ಹಾಗಿದ್ದರೂ ಮಾರಿಸನ ನಿಲುವನ್ನು ಪೂರ್ತಿಯಾಗಿ ಒಪ್ಪಲಾಗದು. ಯೋಹಾನನಲ್ಲಿ ನಿತ್ಯಜೀವವು ನಂಬುವವನಿಗೆ ಈಗಲೇ ದೊರೆತದ್ದು ಎಂಬುದು ನಿಜ. 5ನೆಯ ಅಧ್ಯಾಯ ಅದನ್ನು ವರ್ತಮಾನಕಾಲದಲ್ಲಿಯೇ ಹೇಳುತ್ತದೆ. ಆದರೆ 6ನೆಯ ಅಧ್ಯಾಯದಲ್ಲಿ ಮನ್ನವನ್ನು ತಿಂದೂ ಸತ್ತ ಪೂರ್ವಜರಿಗೂ ಐಯೋನ್‌ವರೆಗೆ ಬದುಕುವವನಿಗೂ ಭೇದವನ್ನು ಕಲ್ಪಿಸಿದಾಗ ಉದ್ದದ ವಿಚಾರ ಹಿಂದೆ ಸರಿಯುವುದಿಲ್ಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 4ನೆಯ ಅಧ್ಯಾಯದಲ್ಲಿ ಐಯೋನಿಯೋಸ್‌ಗೆ ಎದುರಾಗಿ ನಿಲ್ಲುವುದು 'ಕೆಲವು ಕಾಲ ಮಾತ್ರ ಇರುವುದು' ಎಂಬರ್ಥದ ಪದ. ಕಾಲಾವಧಿಯನ್ನು ಈ ವಿಶೇಷಣದಿಂದ ಸಂಪೂರ್ಣವಾಗಿ ಬೇರ್ಪಡಿಸುವುದು ಪ್ರಯೋಗಕ್ಕೆ ವಿರುದ್ಧ.

ಇನ್ನೊಂದು ಪಕ್ಷದ ಪ್ರಬಲವಾದ ಆಧಾರ 'ಅಯಿದಿಯೋಸ್' ಎಂಬ ಬೇರೊಂದು ಪದ. ಅನಂತವೆಂದು ಖಚಿತವಾಗಿ ಹೇಳಬೇಕಾದಾಗ ಗ್ರೀಕರಿಗೆ ಈ ಪದ ಲಭ್ಯವಿತ್ತು. ಯೆಹೂದಿ ಇತಿಹಾಸಕಾರ ಜೋಸೀಫಸನು ದುಷ್ಟರ ದಂಡನೆಯನ್ನು ಕುರಿತ ಫರಿಸಾಯರ ನಂಬಿಕೆಯನ್ನು ವಿವರಿಸುವಾಗ ಇದನ್ನೇ ಬಳಸಿದ್ದಾನೆ. ಹೊಸ ಒಡಂಬಡಿಕೆ ಮಾತ್ರ ಮನುಷ್ಯರ ದಂಡನೆಗೆ ಈ ಪದವನ್ನು ಎಲ್ಲಿಯೂ ಬಳಸಿಲ್ಲ. ಇಲಾರಿಯಾ ರಾಮೆಲ್ಲಿ ಮತ್ತು ಡೇವಿಡ್ ಕಾನ್‌ಸ್ಟಾನ್ 2007ರಲ್ಲಿ ಪ್ರಕಟಿಸಿದ ಗ್ರಂಥವು ಈ ಎರಡು ಪದಗಳ ಪ್ರಯೋಗವನ್ನು ವಿಸ್ತಾರವಾಗಿ ತುಲನೆಮಾಡಿ, ಐಯೋನಿಯೋಸ್ ತಾನಾಗಿಯೇ ಅನಂತತೆಯನ್ನು ಸೂಚಿಸುವುದಿಲ್ಲವೆಂಬ ನಿಲುವನ್ನು ಬಲಪಡಿಸಿತು. ಡೇವಿಡ್ ಬೆಂಟ್ಲಿ ಹಾರ್ಟ್ 2017ರ ತನ್ನ ಹೊಸ ಒಡಂಬಡಿಕೆಯ ಇಂಗ್ಲಿಷ್ ಭಾಷಾಂತರದಲ್ಲಿ 'ಇಟರ್ನಲ್' ಎಂಬ ರೂಢಿಯ ಪದವನ್ನು ಕೈಬಿಟ್ಟು 'ಆ ಯುಗದ' ಎಂಬರ್ಥದ ಪದಪುಂಜವನ್ನು ಆರಿಸಿಕೊಂಡನು.

ಈ ವಾದಕ್ಕೂ ಮಿತಿಯಿದೆ. ಅಯಿದಿಯೋಸ್ ಪದವು ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅದು ದೇವರ ಶಕ್ತಿಗೆ ವಿಶೇಷಣ. ಯೂದನ ಪತ್ರದಲ್ಲಿ ಅದು ತಪ್ಪಿಬಿದ್ದ ದೇವದೂತರ ಸಂಕೋಲೆಗಳಿಗೆ ವಿಶೇಷಣ. ಆದರೆ ಆ ಸಂಕೋಲೆಗಳು ಅವರನ್ನು ಹಿಡಿದಿಟ್ಟಿರುವುದು ಮಹಾದಿನದ ತೀರ್ಪಿನವರೆಗೆ. ಅನಂತವಾಚಕವೆಂದು ಖ್ಯಾತವಾದ ಪದವೂ ಸಂದರ್ಭದ ಕೈಯಲ್ಲಿ ಹೀಗೆ ಬಗ್ಗಬಲ್ಲದು. ಮೇಲಾಗಿ ಐಯೋನಿಯೋಸ್ ದೇವರಿಗೂ ವಿಶೇಷಣವಾಗಿ ಬರುತ್ತದೆ. ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ಮುಗಿದುಹೋದ ಐಯೋನಿಯೋಸ್ ಕಾಲಗಳೂ ಐಯೋನಿಯೋಸ್ ದೇವರೂ ಒಂದೇ ವಾಕ್ಯದಲ್ಲಿ ಕಾಣಿಸಿಕೊಳ್ಳುತ್ತಾರೆ. ಅಗಸ್ಟೀನನು ಅಸಾಧ್ಯವೆಂದು ಭಾವಿಸಿದ್ದನ್ನು ಈ ವಾಕ್ಯ ಮಾಡಿ ತೋರಿಸುತ್ತದೆ. ಹಾಗೆಂದು ಮತ್ತಾಯನ ವಾಕ್ಯದಲ್ಲಿಯೂ ಅದೇ ನಡೆದಿದೆಯೆಂದು ಇದರಿಂದ ಸಿದ್ಧವಾಗುವುದಿಲ್ಲ; ನಡೆಯಲು ಸಾಧ್ಯವಿತ್ತು ಎಂಬುದಷ್ಟೇ ಸಿದ್ಧವಾಗುತ್ತದೆ.

6

ಇಲ್ಲಿ ಜೇಮ್ಸ್ ಬಾರ್ ಅವರ ಎಚ್ಚರಿಕೆಯನ್ನು ನೆನೆಯುವುದು ಉಚಿತ. ಆಸ್ಕರ್ ಕುಲ್‌ಮನ್ 1946ರಲ್ಲಿ ಪ್ರಕಟವಾದ 'ಕ್ರಿಸ್ತ ಮತ್ತು ಕಾಲ' ಎಂಬ ಜರ್ಮನ್ ಗ್ರಂಥದಲ್ಲಿ ಐಯೋನ್, ಕೈರೋಸ್ ಮೊದಲಾದ ಪದಗಳ ಮೂಲಕ ಬೈಬಲ್ಲಿನ ಕಾಲತತ್ತ್ವವನ್ನು ಕಟ್ಟಲು ಯತ್ನಿಸಿದ್ದರು. ಬಾರ್ 1961 ಮತ್ತು 1962ರ ತಮ್ಮ ಎರಡು ಗ್ರಂಥಗಳಲ್ಲಿ ಈ ವಿಧಾನದ ಬುಡವನ್ನೇ ಪ್ರಶ್ನಿಸಿದರು. ಒಂದು ಜನಾಂಗದ ಚಿಂತನೆ ಅದರ ನಿಘಂಟಿನಲ್ಲಿ ಅಡಗಿರುವುದಿಲ್ಲ. ಅರ್ಥವು ಹುಟ್ಟುವುದು ವಾಕ್ಯದಲ್ಲಿ, ಪದದ ವ್ಯುತ್ಪತ್ತಿಯಲ್ಲಲ್ಲ ಎಂಬುದು ಅವರ ವಾದದ ಸಾರ. ಈ ಎಚ್ಚರಿಕೆ ಆಯುಸ್ ಮತ್ತು ಐಯೋನ್‌ಗಳ ನಂಟಿಗೂ ಅನ್ವಯಿಸುತ್ತದೆ. ಆ ನಂಟು ಪದದ ಬಾಲ್ಯವನ್ನು ತಿಳಿಸುತ್ತದೆಯೇ ಹೊರತು ಪೌಲನ ಆಶಯವನ್ನು ತಿಳಿಸಲಾರದು.

ದಂಡನೆಗೆ ಕೊನೆಯುಂಟೇ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕಬೇಕಾದುದು ದೇವರ ನ್ಯಾಯ ಮತ್ತು ಕರುಣೆಯನ್ನು ಕುರಿತು ಇಡೀ ಗ್ರಂಥವು ಏನು ಹೇಳುತ್ತದೆ ಎಂಬಲ್ಲಿ. ಆ ಹೊರೆಯನ್ನು ಒಂದು ವಿಶೇಷಣದ ಮೇಲೆ ಹೇರಿ, ಗ್ರೀಕ್ ಮೂಲವೇ ಹೀಗೆ ಹೇಳುತ್ತದೆಂದು ವೇದಿಕೆಯಿಂದ ಘೋಷಿಸುವುದು ವಿದ್ವತ್ತಿನ ಹೆಸರಿನಲ್ಲಿ ನಡೆಯುವ ಅವಸರ. ಭಯ ಹುಟ್ಟಿಸುವವರೂ ಸಾಂತ್ವನ ಹೇಳುವವರೂ ಈ ಅವಸರದಲ್ಲಿ ಸಮಾನರು.

7

ಕನ್ನಡದ ವಿಚಾರಕ್ಕೆ ಬಂದರೆ ಸಮಸ್ಯೆ ಬೇರೆ ಬಣ್ಣ ತಳೆಯುತ್ತದೆ. 19ನೆಯ ಶತಮಾನದಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ಬಳಿಕ ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರ ಶ್ರಮದಿಂದ ರೂಪುಗೊಂಡ ಕನ್ನಡ ಬೈಬಲ್ ಪರಂಪರೆಯಲ್ಲಿ ಈ ಪದಗಳಿಗೆ ನಿತ್ಯಜೀವ, ಇಹಲೋಕ, ಯುಗದ ಸಮಾಪ್ತಿ, ಯುಗಯುಗಾಂತರ ಮೊದಲಾದ ರೂಪಗಳು ನೆಲೆಗೊಂಡಿವೆ. ಸಂದರ್ಭಕ್ಕೆ ತಕ್ಕ ಪದವನ್ನು ಆರಿಸುವ ವಿವೇಕ ಇಲ್ಲಿ ಕಾಣುತ್ತದೆ. ಆದರೆ ಪ್ರತಿಯೊಂದು ಆಯ್ಕೆಗೂ ಬೆಲೆ ತೆರಬೇಕಾಗಿದೆ.

'ಇಹಲೋಕ' ಎಂಬ ಪದ ಕೇಳಿದೊಡನೆ ಕನ್ನಡ ಓದುಗನ ಮನಸ್ಸಿನಲ್ಲಿ 'ಪರಲೋಕ' ಎದ್ದುನಿಲ್ಲುತ್ತದೆ. ಇಹಪರಗಳು ಸ್ಥಳಗಳು, ಒಂದನ್ನು ಬಿಟ್ಟು ಇನ್ನೊಂದಕ್ಕೆ ಜೀವ ಪ್ರಯಾಣ ಮಾಡುತ್ತದೆ. ಪೌಲನ ಎರಡು ಐಯೋನ್‌ಗಳು ಸ್ಥಳಗಳಲ್ಲ. ಬರಲಿರುವುದು ಇಲ್ಲಿಗೇ ಬರಲಿದೆ. ಕಾಲದ ವಿರೋಧ ಹೀಗೆ ಸ್ಥಳದ ವಿರೋಧವಾದಾಗ, ನೆಲದ ಮೇಲಿನ ಅನ್ಯಾಯದ ವ್ಯವಸ್ಥೆ ಮುಗಿಯುತ್ತಿದೆಯೆಂಬ ಮಾತು ಸತ್ತ ಮೇಲೆ ಬೇರೊಂದು ಲೋಕ ಸಿಗುವುದೆಂಬ ಸಮಾಧಾನವಾಗಿ ಮಾರ್ಪಡುತ್ತದೆ. ಹಸಿದವರನ್ನು ಕುರಿತ ಮತ್ತಾಯನ ಅಧ್ಯಾಯವನ್ನು ಓದುವ ಬಡ ಓದುಗನಿಗೆ ಇದು ಸಣ್ಣ ವ್ಯತ್ಯಾಸವಲ್ಲ.

'ಯುಗ' ಪದದ ವಿರುದ್ಧ ಸಾಮಾನ್ಯವಾಗಿ ಎತ್ತಬಹುದಾದ ಆಕ್ಷೇಪವೆಂದರೆ ಅದು ನಾಲ್ಕು ಯುಗಗಳ ಆವರ್ತನವನ್ನು ನೆನಪಿಸುತ್ತದೆ ಎಂಬುದು. ಈ ಆಕ್ಷೇಪ ಹಿಂದೆ ಪ್ರಬಲವಾಗಿದ್ದಿರಬಹುದು. ಆದರೆ ಪಂಪಯುಗ, ಬಸವಯುಗ ಎಂದು ಸಾಹಿತ್ಯಚರಿತ್ರೆಯನ್ನು ವಿಭಜಿಸಿದ ಕನ್ನಡದಲ್ಲಿ, ಯುಗವು ಮತ್ತೆ ಬಾರದ ಒಂದು ಕಾಲವ್ಯವಸ್ಥೆ ಎಂಬ ಅರ್ಥವನ್ನೂ ಗಟ್ಟಿಯಾಗಿ ಪಡೆದಿದೆ. ಆದುದರಿಂದ ಎರಡು ಐಯೋನ್‌ಗಳ ವಿರೋಧವಿರುವಲ್ಲೆಲ್ಲ 'ಈ ಯುಗ', 'ಬರಲಿರುವ ಯುಗ' ಎಂಬ ರೂಪಗಳನ್ನು ಏಕಪ್ರಕಾರವಾಗಿ ಬಳಸುವುದು ಮೂಲಕ್ಕೆ ಹೆಚ್ಚು ನಿಷ್ಠವಾಗುತ್ತದೆ.

'ನಿತ್ಯ' ಪದದ ವಿಷಯ ಹೆಚ್ಚು ಸೂಕ್ಷ್ಮವಾದುದು. ಭಾರತೀಯ ದರ್ಶನಗಳಲ್ಲಿ ಅದು ಆದಿಯೂ ಅಂತ್ಯವೂ ಇಲ್ಲದ ಕೂಟಸ್ಥವಸ್ತುವನ್ನು ಸೂಚಿಸುತ್ತದೆ. ಈ ಅರ್ಥದಲ್ಲಿ ನಿತ್ಯಜೀವಕ್ಕೆ ಆರಂಭವೂ ಇರಕೂಡದು. ಕ್ರೈಸ್ತ ಕಲ್ಪನೆಯಲ್ಲಿ ಅದು ಭಕ್ತನಿಗೆ ಒಂದು ಹೊತ್ತಿನಲ್ಲಿ ದೊರೆಯುವಂಥದು. ಆದರೆ ನಿತ್ಯಕ್ಕೆ ಇನ್ನೊಂದು ಬಾಳೂ ಇದೆ. ನಿತ್ಯಪೂಜೆ, ನಿತ್ಯಕರ್ಮ ಎನ್ನುವಾಗ ಅದು ದಿನದಿನವೂ ತಪ್ಪದೆ ನಡೆಯುವುದು. ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿಯೇ ಈ ಪದವು ಅಚಲವಸ್ತುಗಳಿಗೆ ಮಾತ್ರ ಸಲ್ಲುವುದಿಲ್ಲವೆಂದೂ ಮತ್ತೆ ಮತ್ತೆ ನಡೆಯುವ ಕ್ರಿಯೆಗೂ ಸಲ್ಲುತ್ತದೆಂದೂ ಸದಾ ನಗುವವನ ನಿದರ್ಶನದಿಂದ ತೋರಿಸಿದ್ದಾನೆ. ನಗುವವನ ನಿತ್ಯತೆ ಅವನ ಆಯುಸ್ಸಿನಷ್ಟು. ಆತ್ಮದ ನಿತ್ಯತೆ ಆತ್ಮದಷ್ಟು. ವಿಶೇಷ್ಯದಿಂದ ಅಳತೆ ಪಡೆಯುವ ಗುಣ ಗ್ರೀಕ್ ಪದದಂತೆ ನಿತ್ಯಕ್ಕೂ ಉಂಟು. ಲ್ಯಾಟಿನ್ ಪದಕ್ಕೆ ಇಲ್ಲವಾದ ಅನುಕೂಲ ಕನ್ನಡ ಭಾಷಾಂತರಕಾರರಿಗೆ ದೊರೆತಿದೆ ಎಂದರೆ ತಪ್ಪಾಗದು.

ಹೀಗಾಗಿ ತಲೆಮಾರುಗಳ ಪ್ರಾರ್ಥನೆಯಲ್ಲಿ ಬೆಳೆದುಬಂದ ನಿತ್ಯಜೀವ ಎಂಬ ಪದವನ್ನು ಬದಲಿಸುವ ಅಗತ್ಯವಿಲ್ಲ. ಅಗತ್ಯವಿರುವುದು ಎರಡು ಎಚ್ಚರಗಳು. ಮೊದಲನೆಯದಾಗಿ, ಮತ್ತಾಯನ ವಾಕ್ಯದಲ್ಲಿ ದಂಡನೆಗೂ ಜೀವನಕ್ಕೂ ಒಂದೇ ವಿಶೇಷಣವನ್ನು ಉಳಿಸಬೇಕು. 1611ರ ಇಂಗ್ಲಿಷ್ ಭಾಷಾಂತರ ಒಂದೆಡೆ 'ಎವರ್‌ಲಾಸ್ಟಿಂಗ್', ಇನ್ನೊಂದೆಡೆ 'ಇಟರ್ನಲ್' ಎಂದು ಪದವನ್ನು ಒಡೆದಿತ್ತು. 1881ರ ಪರಿಷ್ಕರಣವು ಅದನ್ನು ತಿದ್ದಿತು. ಎರಡನೆಯದಾಗಿ, ದಂಡನೆಯ ಪ್ರಸಂಗದಲ್ಲಿ 'ಎಂದಿಗೂ ಮುಗಿಯದ', 'ಕೊನೆಯಿಲ್ಲದ' ಎಂದು ಬಿಡಿಸಿ ಹೇಳುವ ಸರಳಾನುವಾದಗಳ ಪ್ರಲೋಭನೆಗೆ ಒಳಗಾಗಬಾರದು. ಅಂಥ ಬಿಡಿಸುವಿಕೆ ವ್ಯಾಖ್ಯಾನವೇ ಹೊರತು ಭಾಷಾಂತರವಲ್ಲ. ವ್ಯಾಖ್ಯಾನಕ್ಕೆ ಅಡಿಟಿಪ್ಪಣಿಯಲ್ಲಿ ಸ್ಥಳವಿದೆ.

ಪೌಲನು ಫಿಲೆಮೋನನಿಗೆ ಬರೆದ ಚಿಕ್ಕ ಪತ್ರದಲ್ಲಿ ಈ ವಿಶೇಷಣ ಒಮ್ಮೆ ಬರುತ್ತದೆ. ಒಡೆಯನಿಂದ ಅಗಲಿಹೋಗಿದ್ದ ದಾಸ ಓನೇಸಿಮನನ್ನು ಹಿಂದಕ್ಕೆ ಕಳುಹಿಸುತ್ತ, ಅವನು ಸ್ವಲ್ಪ ಕಾಲ ಅಗಲಿದ್ದು ನೀನು ಅವನನ್ನು ಐಯೋನಿಯೋಸ್ ಆಗಿ ಪಡೆಯುವುದಕ್ಕಾಗಿ ಇರಬಹುದು, ದಾಸನಾಗಿ ಅಲ್ಲ, ಪ್ರಿಯ ಸಹೋದರನಾಗಿ ಎಂಬ ಆಶಯವನ್ನು ಅವನು ವ್ಯಕ್ತಪಡಿಸುತ್ತಾನೆ. ವಿಮೋಚನಕಾಂಡದಲ್ಲಿ ಕಿವಿ ಚುಚ್ಚಿಸಿಕೊಂಡ ದಾಸನಿಗೆ ಅಂಟಿದ್ದ ಅದೇ ಕಾಲವಾಚಕ ಇಲ್ಲಿ ದಾಸ್ಯವನ್ನು ದಾಟಿದ ನಂಟಿಗೆ ಅಂಟಿದೆ. ಜೀವಮಾನವಿಡೀ ಎಂದೊ, ಎಂದೆಂದಿಗೂ ಎಂದೊ ಪೌಲನು ಬಿಡಿಸಿ ಹೇಳಿಲ್ಲ. ಅವನು ಬಿಡಿಸದೆ ಬಿಟ್ಟದ್ದನ್ನು ಕನ್ನಡವೂ ಬಿಡಿಸದೆ ಹೇಳಬಲ್ಲುದು.